37 ವರ್ಷ ಖಾಲಿ ಇದ್ದ ಕುರ್ಚಿ

(ಇದು ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಹಿಂದೆ ಮುಂದೆ ಆಗಿದ್ದನ್ನು ಸರಿಪಡಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಲಕೋಟೆಯ ಕಥೆಯಿಂದ ಶುರು ಮಾಡುತ್ತೇನೆ.

1881ರ ಸೆಪ್ಟೆಂಬರ್ 19ರ ರಾತ್ರಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ತೀರಿಕೊಂಡರು. ಸುದ್ದಿ ನ್ಯೂಯಾರ್ಕಿಗೆ ಬಂತು. ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಲೆಕ್ಸಿಂಗ್ಟನ್ ಅವೆನ್ಯೂದ ತಮ್ಮ ಮನೆಯಲ್ಲೇ ಇದ್ದರು. ರಾತ್ರಿ ಎರಡು ಗಂಟೆ ದಾಟಿದ ಮೇಲೆ, ಅಲ್ಲೇ, ಒಬ್ಬ ನ್ಯಾಯಾಧೀಶರ ಮುಂದೆ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಇನ್ನು ವಾಷಿಂಗ್ಟನ್ನಿಗೆ ಹೊರಡಬೇಕು. ಹೊರಡುವ ಮುಂಚೆ ಅವರು ಒಂದು ಘೋಷಣೆ ಬರೆದರು. ಸೆನೆಟ್‌ನ, ಅಂದರೆ ಅಲ್ಲಿಯ ಸಂಸತ್ತಿನ ಮೇಲ್ಮನೆಯ, ವಿಶೇಷ ಅಧಿವೇಶನ ಕರೆಯುವ ಘೋಷಣೆ. ಅದನ್ನು ಶ್ವೇತಭವನದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರು.

ತಾವೇ ಹೋಗುತ್ತಿರುವ ಜಾಗಕ್ಕೆ ತಾವೇ ಯಾಕೆ ಕಾಗದ ಹಾಕಬೇಕು? ದಾರಿಯಲ್ಲಿ ತಾವು ಸತ್ತರೆ ಅಂತ.

ಆ ರಾತ್ರಿ ಆರ್ಥರ್ ನಂತರ ಯಾರೂ ಇರಲಿಲ್ಲ. ಇದು ಮಾತಿನ ಅಲಂಕಾರ ಅಲ್ಲ. ಅವರು ಅಧ್ಯಕ್ಷರಾದ ಕೂಡಲೇ ಉಪಾಧ್ಯಕ್ಷರ ಕುರ್ಚಿ ಖಾಲಿಯಾಯಿತು. ಆಗಿದ್ದ ಕಾನೂನಿನ ಪ್ರಕಾರ ಮುಂದಿನ ಸರದಿ ಸೆನೆಟ್‌ನ ಹಂಗಾಮಿ ಸಭಾಪತಿಯದು. ಆ ಸ್ಥಾನದಲ್ಲಿ ಯಾರೂ ಇರಲಿಲ್ಲ. ಅವರ ನಂತರ ಪ್ರತಿನಿಧಿ ಸಭೆಯ ಸ್ಪೀಕರ್. ಹೊಸದಾಗಿ ಗೆದ್ದ ಸಭೆ ಡಿಸೆಂಬರ್‌ನಲ್ಲಿ ಸೇರಬೇಕಿತ್ತು, ಹಾಗಾಗಿ ಸ್ಪೀಕರೂ ಇಲ್ಲ. ಪಟ್ಟಿ ಅಲ್ಲಿಗೆ ಮುಗಿಯಿತು. ಐದು ಕೋಟಿ ಜನರ ದೇಶ, ಒಬ್ಬರ ನಂತರ ಇನ್ನೊಬ್ಬರಿಲ್ಲ. ತಾವು ಹೋದರೂ ಆ ಘೋಷಣೆಯ ಬಲದ ಮೇಲೆ ಸೆನೆಟ್ ಸೇರಿ ಒಬ್ಬ ಸಭಾಪತಿಯನ್ನು ಆರಿಸಿಕೊಳ್ಳಲಿ ಅನ್ನುವುದು ಆರ್ಥರ್ ಆಸೆ. ಅದೃಷ್ಟಕ್ಕೆ ಅವರು ಸುರಕ್ಷಿತವಾಗಿ ತಲುಪಿದರು. ಆ ಕಾಗದವನ್ನು ನಾಶ ಮಾಡಿ, ಕ್ರಮವಾಗಿ ಅಧಿವೇಶನ ಕರೆದರು.

ಹಂಗಾಮಿ ಸಭಾಪತಿ ಯಾಕೆ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸೆನೆಟ್‌ನಲ್ಲಿ ಪೀಠದ ಮೇಲೆ ಕೂರುವುದು ಉಪಾಧ್ಯಕ್ಷರೇ. ಅಧಿವೇಶನ ಮುಗಿಯುವ ಹೊತ್ತಿಗೆ ಅವರು ಪೀಠ ಬಿಟ್ಟು ಹೊರಗೆ ಹೋಗುವುದು, ಆಗ ಸೆನೆಟ್ ಹಂಗಾಮಿ ಸಭಾಪತಿಯನ್ನು ಆರಿಸುವುದು, ಹೀಗೊಂದು ವಾಡಿಕೆ ಇತ್ತು. ಆ ವರ್ಷ ಸೆನೆಟ್‌ನಲ್ಲಿ ಎರಡು ಪಕ್ಷಗಳ ಬಲ ಸಮಸಮ. ತಾವು ಎದ್ದು ಹೋದರೆ ಎದುರು ಪಕ್ಷದವರು ಆ ಜಾಗ ಹಿಡಿದಾರು ಅಂತ ಆರ್ಥರ್ ಏಳಲೇ ಇಲ್ಲ. ಆ ಸಣ್ಣ ಲೆಕ್ಕಾಚಾರ ಕೆಲವೇ ತಿಂಗಳಲ್ಲಿ ಅವರ ತಲೆಗೇ ಬಂತು.

ಇವತ್ತು ನಾನು ಮಾತಾಡಬೇಕಿರುವುದು ಈ ಖಾಲಿ ಕುರ್ಚಿಯ ಬಗ್ಗೆ. 1789ರಿಂದ ಇಲ್ಲಿಯವರೆಗೆ ಅಮೆರಿಕದ ಉಪಾಧ್ಯಕ್ಷರ ಸ್ಥಾನ 18 ಸಲ ಖಾಲಿಯಾಗಿದೆ. ಏಳು ಉಪಾಧ್ಯಕ್ಷರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಇಬ್ಬರು ರಾಜೀನಾಮೆ ಕೊಟ್ಟರು. ಒಂಬತ್ತು ಜನ ಅಧ್ಯಕ್ಷರಾಗಿ ಮೇಲೆ ಹೋದರು. ಎಲ್ಲ ಕೂಡಿಸಿದರೆ 37 ವರ್ಷಕ್ಕೂ ಜಾಸ್ತಿ ಕಾಲ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. 1967ರವರೆಗೆ ಅದನ್ನು ತುಂಬುವುದಕ್ಕೆ ದಾರಿಯೇ ಇರಲಿಲ್ಲ. ಮುಂದಿನ ಚುನಾವಣೆ ಮುಗಿದು ಹೊಸಬರು ಬರುವ ತನಕ ಕಾಯಬೇಕು, ಅಷ್ಟೇ. ಇಷ್ಟು ದೊಡ್ಡ ತೂತನ್ನು ಒಂದು ದೇಶ 178 ವರ್ಷ ಹೇಗೆ ಹಾಗೇ ಬಿಟ್ಟುಕೊಂಡಿತ್ತು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಮೊದಲು ಸಂವಿಧಾನ ಏನು ಹೇಳುತ್ತದೆ ನೋಡೋಣ. 1787ರಲ್ಲಿ ಬರೆದ ಮೂಲ ಪಾಠದ ತಾತ್ಪರ್ಯ ಇದು: ಅಧ್ಯಕ್ಷರನ್ನು ತೆಗೆದುಹಾಕಿದರೆ, ಅವರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಅಥವಾ ಅಧ್ಯಕ್ಷ ಹುದ್ದೆಯ ಅಧಿಕಾರ, ಕರ್ತವ್ಯಗಳನ್ನು ನಡೆಸಲು ಆಗದೆ ಹೋದರೆ, ಅದು ಉಪಾಧ್ಯಕ್ಷರಿಗೆ ಹೋಗುತ್ತದೆ.

ಅದು ಅಂದರೆ ಯಾವುದು? ಹುದ್ದೆಯೋ, ಅಧಿಕಾರ ಕರ್ತವ್ಯಗಳೋ? ಹುದ್ದೆಯೇ ಅಂದರೆ ಉಪಾಧ್ಯಕ್ಷರು ಪೂರ್ತಿ ಅಧ್ಯಕ್ಷರಾಗುತ್ತಾರೆ. ಕರ್ತವ್ಯ ಮಾತ್ರ ಅಂದರೆ ಅವರು ಉಪಾಧ್ಯಕ್ಷರಾಗಿಯೇ ಇದ್ದು ಅಧ್ಯಕ್ಷರ ಕೆಲಸ ನೋಡಿಕೊಳ್ಳುತ್ತಾರೆ. ಒಂದು ಸರ್ವನಾಮದ ಒಳಗೆ ಇಡೀ ದೇಶದ ತಲೆನೋವು ಕೂತಿತ್ತು. ಇನ್ನು ಇಬ್ಬರೂ ಇಲ್ಲದಿದ್ದರೆ ಯಾವ ಅಧಿಕಾರಿ ಅಧ್ಯಕ್ಷರ ಕೆಲಸ ಮಾಡಬೇಕು ಅನ್ನುವುದನ್ನು ಕಾಂಗ್ರೆಸ್, ಅಂದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆ ಸೇರಿದ ಅಲ್ಲಿಯ ಸಂಸತ್ತು, ಕಾನೂನು ಮಾಡಿ ಹೇಳಬಹುದು ಅಂತ ಬರೆದರು. ಖಾಲಿಯಾದ ಉಪಾಧ್ಯಕ್ಷ ಸ್ಥಾನವನ್ನು ತುಂಬುವುದು ಹೇಗೆ ಅನ್ನುವುದರ ಬಗ್ಗೆ ಒಂದು ಮಾತೂ ಇಲ್ಲ.

ಈ ಸರ್ವನಾಮದ ಜಗಳ 1841ರಲ್ಲಿ ಎದುರಿಗೆ ಬಂದು ನಿಂತಿತು. ವಿಲಿಯಂ ಹೆನ್ರಿ ಹ್ಯಾರಿಸನ್ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡು ಏಪ್ರಿಲ್ 4ರಂದು ತೀರಿಕೊಂಡರು. ಅಧಿಕಾರದಲ್ಲಿದ್ದಾಗ ಸತ್ತ ಮೊದಲ ಅಧ್ಯಕ್ಷರು ಅವರು. ಉಪಾಧ್ಯಕ್ಷ ಜಾನ್ ಟೈಲರ್ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನ ಮನೆಯಲ್ಲಿದ್ದರು. ಸುದ್ದಿ ತಂದವರು ಬೆಳಗಿನ ಜಾವ ಬಾಗಿಲು ತಟ್ಟಿದರು. ಟೈಲರ್ ಹೊರಟು, ಏಪ್ರಿಲ್ 6ರಂದು ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಉಪಾಧ್ಯಕ್ಷನಾಗಿ ಮಾಡಿದ ಪ್ರಮಾಣವೇ ಸಾಕು, ಆದರೂ ನಾಳೆ ಯಾರಿಗೂ ಅನುಮಾನ ಬರಬಾರದು ಅಂತ ಮತ್ತೆ ಮಾಡುತ್ತಿದ್ದೇನೆ ಅನ್ನುವುದು ಅವರ ನಿಲುವು.

ಅನುಮಾನ ಮಾತ್ರ ಹೋಗಲಿಲ್ಲ. ಹಿಂದೆ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್, ಇದು ಸಂವಿಧಾನದ ವ್ಯಾಕರಣಕ್ಕೇ ವಿರುದ್ಧ ಅಂದರು. ಎದುರಾಳಿಗಳು ಟೈಲರ್‌ಗೆ ‘ಆಕಸ್ಮಿಕದ ಅಧ್ಯಕ್ಷ’ ಅಂತ ಹೆಸರಿಟ್ಟರು. ‘ಹಂಗಾಮಿ ಅಧ್ಯಕ್ಷರಿಗೆ’ ಅಂತ ವಿಳಾಸ ಬರೆದು ಬಂದ ಕಾಗದಗಳನ್ನು ಟೈಲರ್ ಒಡೆದೂ ನೋಡದೆ ವಾಪಸ್ ಕಳಿಸುತ್ತಿದ್ದರು. ಹಟಮಾರಿತನ ಅನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಅವರ ರಾಜಕೀಯದ ಬಹುಪಾಲು ನನಗೆ ಒಪ್ಪಿಗೆಯಿಲ್ಲ, ಆದರೆ ಈ ಒಂದು ವಿಷಯದಲ್ಲಿ ಅವರು ಪಟ್ಟು ಹಿಡಿದದ್ದು ಒಳ್ಳೆಯದಾಯಿತು. ದೇಶಕ್ಕೆ ಅರ್ಧ ಅಧ್ಯಕ್ಷ ಇರಬಾರದು. ಕೊನೆಗೆ ಕಾಂಗ್ರೆಸ್ಸಿನ ಎರಡೂ ಸದನಗಳು ಅವರನ್ನು ಅಧ್ಯಕ್ಷರೆಂದೇ ಒಪ್ಪಿದವು. ಮುಂದೆ ಬಂದವರೆಲ್ಲ ಅದೇ ದಾರಿ ಹಿಡಿದರು. ಆದರೆ ಅದು ಸಂವಿಧಾನದಲ್ಲಿ ಅಕ್ಷರವಾಗಿ ಬಂದದ್ದು 126 ವರ್ಷದ ನಂತರ.

ಟೈಲರ್ ಕಾಲದಲ್ಲಿ ಉಪಾಧ್ಯಕ್ಷರ ಕುರ್ಚಿ 3 ವರ್ಷ 11 ತಿಂಗಳು ಖಾಲಿ ಇತ್ತು. ಅಷ್ಟು ಉದ್ದ ಇನ್ನೊಂದಿಲ್ಲ. ಆ ಅವಧಿಯಲ್ಲಿ ಏನಾಗಬಹುದಿತ್ತು ಅನ್ನುವುದಕ್ಕೆ 1844ರ ಫೆಬ್ರವರಿ 28 ನೋಡಿ. ‘ಪ್ರಿನ್ಸ್‌ಟನ್’ ಅನ್ನುವ ಹೊಸ ಯುದ್ಧನೌಕೆ. ಪೊಟೋಮ್ಯಾಕ್ ನದಿಯಲ್ಲಿ ಗಣ್ಯರಿಗೆಲ್ಲ ಒಂದು ಸುತ್ತು. ಹಡಗಿನ ಮೇಲೆ ‘ಪೀಸ್‌ಮೇಕರ್’, ಅಂದರೆ ಶಾಂತಿದೂತ, ಅಂತ ಹೆಸರಿಟ್ಟ ಭಾರಿ ಫಿರಂಗಿ. ಅದನ್ನು ಹಾರಿಸಿ ತೋರಿಸುತ್ತಿದ್ದಾಗ ಫಿರಂಗಿಯೇ ಸಿಡಿದು ಚೂರಾಯಿತು. ಆರು ಜನ ಸತ್ತರು. ವಿದೇಶಾಂಗ ಕಾರ್ಯದರ್ಶಿ (ಅಲ್ಲಿ ಮಂತ್ರಿಗಳನ್ನೇ ಕಾರ್ಯದರ್ಶಿ ಅನ್ನುತ್ತಾರೆ) ಏಬಲ್ ಅಪ್‌ಶರ್ ಸತ್ತರು. ನೌಕಾಪಡೆಯ ಕಾರ್ಯದರ್ಶಿ ಥಾಮಸ್ ಗಿಲ್ಮರ್ ಸತ್ತರು. ಟೈಲರ್ ಮನೆಯಲ್ಲಿ ಗುಲಾಮನಾಗಿದ್ದ ಆರ್ಮಿಸ್ಟೆಡ್ ಅನ್ನುವ ಸೇವಕನೂ ಸತ್ತ. ಟೈಲರ್ ಆ ಕ್ಷಣ ಕೆಳಗಿನ ಅಂತಸ್ತಿನಲ್ಲಿದ್ದರು. ಅಲ್ಲಿ ಯಾರೋ ಹಾಡುತ್ತಿದ್ದರಂತೆ, ಅದನ್ನು ಕೇಳುತ್ತಾ ನಿಂತುಬಿಟ್ಟಿದ್ದರು. ಮೆಟ್ಟಿಲು ಹತ್ತಿ ಮೇಲೆ ಬಂದಿದ್ದರೆ ಸೆನೆಟ್‌ನ ಹಂಗಾಮಿ ಸಭಾಪತಿ ವಿಲ್ಲಿ ಮ್ಯಾಂಗಮ್ ಅವತ್ತು ಅಧ್ಯಕ್ಷರ ಕೆಲಸ ವಹಿಸಿಕೊಳ್ಳಬೇಕಿತ್ತು.

ಇಷ್ಟಾದ ಮೇಲಾದರೂ ಯಾರಾದರೂ ಕೂತು ಆ ಕುರ್ಚಿ ತುಂಬುವ ನಿಯಮ ಮಾಡಬೇಕಿತ್ತು, ಅಲ್ವಾ? ಮಾಡಲಿಲ್ಲ. ಒಂಬತ್ತು ವರ್ಷದ ನಂತರ ವಿಲಿಯಂ ರೂಫಸ್ ಕಿಂಗ್ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಅವರಿಗೆ ಕ್ಷಯ. ಹವೆ ಬದಲಾಯಿಸಲು ಕ್ಯೂಬಾಕ್ಕೆ ಹೋಗಿದ್ದರು. ಅಲ್ಲೇ ಪ್ರಮಾಣವಚನ ಕೊಡಿಸಲು ಕಾಂಗ್ರೆಸ್ ಒಂದು ವಿಶೇಷ ಕಾನೂನನ್ನೇ ಮಾಡಿತು. 1853ರ ಮಾರ್ಚ್ 24ರಂದು ಪರನಾಡಿನಲ್ಲಿ ಪ್ರಮಾಣ ಮಾಡಿದರು. ಅಲಬಾಮಾದ ಮನೆಗೆ ವಾಪಸ್ ಬಂದರು. ಏಪ್ರಿಲ್ 18ರಂದು ತೀರಿಕೊಂಡರು. ಒಂದು ದಿನವೂ ಸೆನೆಟ್‌ನ ಪೀಠದ ಮೇಲೆ ಕೂರಲಿಲ್ಲ. ಆಮೇಲೆ ಹೆಚ್ಚುಕಡಿಮೆ ನಾಲ್ಕು ವರ್ಷ ಆ ಸ್ಥಾನ ಖಾಲಿ. ಅವರನ್ನು ಕೂರಿಸಲು ಕಾನೂನು ಮಾಡಿದ ಕಾಂಗ್ರೆಸ್ಸಿಗೆ, ಅವರು ಹೋದ ಮೇಲೆ ಇನ್ನೊಬ್ಬರನ್ನು ಕೂರಿಸುವ ದಾರಿ ಇರಲಿಲ್ಲ.

ಉಪಾಧ್ಯಕ್ಷರಿಗೆ ದಿನನಿತ್ಯ ಅಂಥ ಕೆಲಸ ಇಲ್ಲ. ಸೆನೆಟ್‌ನಲ್ಲಿ ಕೂರುವುದು, ಮತ ಸಮಸಮ ಬಂದಾಗ ಒಂದು ಮತ ಹಾಕುವುದು. ಖಾಲಿ ಇದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಹಾಗಾಗಿ ಜನರಿಗೆ ಅದು ಖಾಲಿ ಅಂತ ಅನಿಸುವುದೇ ಇಲ್ಲ. ಆ ಹುದ್ದೆಯ ನಿಜವಾದ ಕೆಲಸ ಅಂದರೆ ಸುಮ್ನೆ ಇರುವುದು, ಬದುಕಿರುವುದು, ಸಿದ್ಧವಾಗಿರುವುದು. ಈ ಕೆಲಸ ನಡೆಯುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಅಧ್ಯಕ್ಷರು ಕುಸಿದ ದಿನ ಮಾತ್ರ. ನನ್ನ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲೇ ಇದೆ.

ಖಾಲಿ ಕುರ್ಚಿ ಬೇರೆ ರೀತಿಯಲ್ಲೂ ಕೆಡಿಸುತ್ತದೆ. 1868ಕ್ಕೆ ಬನ್ನಿ. ಲಿಂಕನ್ ಕೊಲೆಯಾದ ಮೇಲೆ ಆಂಡ್ರೂ ಜಾನ್ಸನ್ ಅಧ್ಯಕ್ಷರಾಗಿದ್ದರು. ಉಪಾಧ್ಯಕ್ಷರಿಲ್ಲ. ಜಾನ್ಸನ್ ಮೇಲೆ ವಾಗ್ದಂಡನೆ ವಿಚಾರಣೆ ನಡೆಯಿತು. ವಿಚಾರಣೆ ನಡೆಸುವುದು ಸೆನೆಟ್, ತೀರ್ಪು ಕೊಡುವುದೂ ಸೆನೆಟರುಗಳು. ಜಾನ್ಸನ್ ತಪ್ಪಿತಸ್ಥ ಅಂತಾದರೆ ಅವರ ಜಾಗಕ್ಕೆ ಬರಬೇಕಾದವರು ಸೆನೆಟ್‌ನ ಹಂಗಾಮಿ ಸಭಾಪತಿ ಬೆಂಜಮಿನ್ ವೇಡ್. ಆ ವೇಡ್ ಕೂಡ ಮತ ಹಾಕಿದರು. ತಪ್ಪಿತಸ್ಥ ಅಂತಲೇ ಹಾಕಿದರು. ತಮ್ಮ ಒಂದು ಮತದಿಂದ ತಾವೇ ಶ್ವೇತಭವನಕ್ಕೆ ಹೋಗಬಹುದಾದ ಮನುಷ್ಯ ತೀರ್ಪುಗಾರರ ಸಾಲಿನಲ್ಲಿ ಕೂತಿದ್ದರು. 35 ಮತ ಶಿಕ್ಷೆಯ ಪರ, 19 ವಿರುದ್ಧ. ಬೇಕಿದ್ದದ್ದು 36. ಒಂದೇ ಮತದಲ್ಲಿ ಜಾನ್ಸನ್ ಉಳಿದರು. ವೇಡ್ ಅಧ್ಯಕ್ಷರಾಗುವುದು ಇಷ್ಟವಿಲ್ಲದ ಸೆನೆಟರುಗಳೂ ಇದ್ದರು. ಅಂದರೆ ತೂಕಕ್ಕೆ ಬಿದ್ದದ್ದು ಜಾನ್ಸನ್ ಮಾಡಿದ ತಪ್ಪು ಒಂದೇ ಅಲ್ಲ, ಪಕ್ಕದ ಕುರ್ಚಿ ಖಾಲಿ ಇದ್ದದ್ದೂ ತೂಕಕ್ಕೆ ಬಿತ್ತು.

ಈಗ ಕಾನೂನುಗಳ ವಿಚಾರ. ಮೂರು ಕಾನೂನುಗಳು ಬಂದಿವೆ. ಮೊದಲನೆಯದು 1792ರದು: ಉಪಾಧ್ಯಕ್ಷರ ನಂತರ ಸೆನೆಟ್‌ನ ಹಂಗಾಮಿ ಸಭಾಪತಿ, ಆಮೇಲೆ ಸ್ಪೀಕರ್. ವಿದೇಶಾಂಗ ಕಾರ್ಯದರ್ಶಿ ಇರಲಿ ಅಂತ ಕೆಲವರು ಕೇಳಿದ್ದರು. ಆಗ ಆ ಹುದ್ದೆಯಲ್ಲಿದ್ದವರು ಥಾಮಸ್ ಜೆಫರ್ಸನ್. ಅವರನ್ನು ಕಂಡರೆ ಆಗದ ಫೆಡರಲಿಸ್ಟ್ ಪಕ್ಷದವರು ಒಪ್ಪಲಿಲ್ಲ. ಜೇಮ್ಸ್ ಮ್ಯಾಡಿಸನ್ ಅವತ್ತೇ ಒಂದು ಆಕ್ಷೇಪ ಎತ್ತಿದರು. ಸಂವಿಧಾನ ಹೇಳುವುದು ‘ಅಧಿಕಾರಿ’ ಅಂತ. ಶಾಸನಸಭೆಯ ಸದಸ್ಯರು ಆ ಅರ್ಥದಲ್ಲಿ ಅಧಿಕಾರಿಗಳೇ? ಈ ಪ್ರಶ್ನೆ ಇವತ್ತಿಗೂ ತೀರ್ಮಾನವಾಗಿಲ್ಲ.

ಎರಡನೆಯದು 1886ರದು. ಅದಕ್ಕೆ ಕಾರಣ ಗಾಬರಿ. ಆರ್ಥರ್ ಲಕೋಟೆ ಕಳಿಸಿದ ನಾಲ್ಕೇ ವರ್ಷಕ್ಕೆ, 1885ರ ನವೆಂಬರ್‌ನಲ್ಲಿ ಉಪಾಧ್ಯಕ್ಷ ಥಾಮಸ್ ಹೆಂಡ್ರಿಕ್ಸ್ ತೀರಿಕೊಂಡರು. ಮತ್ತೆ ಅದೇ ಕಥೆ. ಕಾಂಗ್ರೆಸ್ ಸೇರಿಲ್ಲ, ಸಭಾಪತಿ ಇಲ್ಲ, ಸ್ಪೀಕರ್ ಇಲ್ಲ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತಮ್ಮ ಉಪಾಧ್ಯಕ್ಷರ ಅಂತ್ಯಕ್ರಿಯೆಗೆ ಇಂಡಿಯಾನಾಪೊಲಿಸ್‌ಗೆ ಹೋಗಲಿಲ್ಲ. ಅಷ್ಟು ದೂರದ ಪ್ರಯಾಣದಲ್ಲಿ ಏನಾದರೂ ಆದರೆ ದೇಶಕ್ಕೆ ದಿಕ್ಕಿಲ್ಲ ಅನ್ನುವ ಭಯ. ಎರಡು ತಿಂಗಳೊಳಗೆ ಹೊಸ ಕಾನೂನು ಬಂತು. ಸಭಾಪತಿ, ಸ್ಪೀಕರ್ ಇಬ್ಬರನ್ನೂ ಪಟ್ಟಿಯಿಂದ ತೆಗೆದು, ವಿದೇಶಾಂಗ ಕಾರ್ಯದರ್ಶಿಯಿಂದ ಶುರುವಾಗಿ ಸಂಪುಟದ ಸದಸ್ಯರನ್ನು ಸಾಲಾಗಿ ಇಟ್ಟರು. ಸಂಪುಟ ಯಾವಾಗಲೂ ಇರುತ್ತದೆ. ಅಧ್ಯಕ್ಷರ ಪಕ್ಷವೂ ಅದೇ. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಒಳ್ಳೆಯ ಕಾನೂನು.

ಆ ಕಾಲದಲ್ಲಿ ಎರಡು ಸಲ ಮುಂದಿನ ಸರದಿಯವರಾಗಿದ್ದವರು ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ. ಯುವಕನಾಗಿದ್ದಾಗ ಲಿಂಕನ್ನರ ಖಾಸಗಿ ಕಾರ್ಯದರ್ಶಿಯಾಗಿದ್ದವರು. 1899ರಲ್ಲಿ ಉಪಾಧ್ಯಕ್ಷ ಗ್ಯಾರೆಟ್ ಹೋಬಾರ್ಟ್ ತೀರಿಕೊಂಡಾಗ ಒಂದು ಸಲ, 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಕೊಲೆಯಾದಾಗ ಇನ್ನೊಂದು ಸಲ. ಹೋಬಾರ್ಟ್ ಸಾವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಜಾಗ ಖಾಲಿಯಾದದ್ದರಿಂದಲೇ 1900ರ ಚುನಾವಣೆಗೆ ಥಿಯೋಡರ್ ರೂಸ್‌ವೆಲ್ಟ್ ಉಪಾಧ್ಯಕ್ಷ ಅಭ್ಯರ್ಥಿಯಾದರು. ಗೆದ್ದು ವರ್ಷ ಕಳೆಯುವುದರೊಳಗೆ ಅಧ್ಯಕ್ಷರೇ ಆದರು.

ಕೂಲಿಜ್ ಕಥೆಯನ್ನು ಬಿಡಲು ಮನಸ್ಸಾಗುವುದಿಲ್ಲ, ಒಂದು ನಿಮಿಷ ಹೇಳುತ್ತೇನೆ. 1923ರ ಆಗಸ್ಟ್ 2ರಂದು ಅಧ್ಯಕ್ಷ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಉಪಾಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವರ್ಮಾಂಟ್‌ನ ಪ್ಲಿಮತ್ ನಾಚ್ ಅನ್ನುವ ಹಳ್ಳಿಯಲ್ಲಿ ತಂದೆಯ ಮನೆಯಲ್ಲಿದ್ದರು. ಮನೆಗೆ ಕರೆಂಟಿಲ್ಲ, ಫೋನಿಲ್ಲ. ತಂದೆ ಅಲ್ಲಿಯ ನೋಟರಿ. ಬೆಳಗಿನ ಜಾವ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಅಪ್ಪನೇ ಮಗನಿಗೆ ಅಧ್ಯಕ್ಷರ ಪ್ರಮಾಣವಚನ ಬೋಧಿಸಿದರು. ಆ ದೀಪದ ಬೆಳಕಿನಲ್ಲಿ ಒಂದು ಕುರ್ಚಿ ತುಂಬಿತು, ಇನ್ನೊಂದು ಖಾಲಿಯಾಯಿತು. 1925ರ ಮಾರ್ಚ್‌ವರೆಗೆ ಅದು ಖಾಲಿಯೇ ಇತ್ತು.

ಮೂರನೆಯ ಕಾನೂನು ಹ್ಯಾರಿ ಟ್ರೂಮನ್‌ರದು. 1945ರ ಏಪ್ರಿಲ್ 12ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಅಧ್ಯಕ್ಷರಾದರು. ಅವರ ನಂತರದ ಸರದಿ ವಿದೇಶಾಂಗ ಕಾರ್ಯದರ್ಶಿ ಎಡ್ವರ್ಡ್ ಸ್ಟೆಟಿನಿಯಸ್‌ದು. ಅವರು ಯಾವತ್ತೂ ಚುನಾವಣೆಗೆ ನಿಂತವರಲ್ಲ. ಟ್ರೂಮನ್‌ಗೆ ಇದು ಸರಿ ಕಾಣಲಿಲ್ಲ. ಸಂಪುಟಕ್ಕೆ ಜನರನ್ನು ಆರಿಸುವವನು ನಾನು. ಅಂದರೆ ನನ್ನ ಉತ್ತರಾಧಿಕಾರಿಯನ್ನು ನಾನೇ ನೇಮಿಸಿದ ಹಾಗಾಯಿತು. ಪ್ರಜಾಪ್ರಭುತ್ವದಲ್ಲಿ ಆ ಅಧಿಕಾರ ಅಧ್ಯಕ್ಷನ ಕೈಯಲ್ಲಿ ಇರಬಾರದು, ಜನ ಆರಿಸಿದ ಸ್ಪೀಕರ್ ಮುಂದೆ ಬರಲಿ. ಇದು ಅವರ ವಾದದ ಸಾರ.

ಅವರು ಮೊದಲು ಇದನ್ನು ಕೇಳಿದಾಗ ಸ್ಪೀಕರ್ ಆಗಿದ್ದವರು ಸ್ಯಾಮ್ ರೇಬರ್ನ್, ತಮ್ಮದೇ ಪಕ್ಷದವರು, ಗೆಳೆಯರು. ಕಾನೂನು ಆಗಲಿಲ್ಲ. 1946ರ ಚುನಾವಣೆಯಲ್ಲಿ ಕಾಂಗ್ರೆಸ್ ಎದುರು ಪಕ್ಷದ ಪಾಲಾಯಿತು. ಜೋಸೆಫ್ ಮಾರ್ಟಿನ್ ಸ್ಪೀಕರ್ ಆದರು. ಟ್ರೂಮನ್ ಆಮೇಲೂ ಅದೇ ಕಾನೂನನ್ನು ಕೇಳಿದರು. 1947ರ ಜುಲೈ 18ರಂದು ಸಹಿ ಹಾಕಿದರು. ತಮಗೇನಾದರೂ ಆದರೆ ಅಧಿಕಾರ ಎದುರು ಪಕ್ಷಕ್ಕೆ ಹೋಗುತ್ತದೆ ಅಂತ ಗೊತ್ತಿದ್ದೂ ಹಾಕಿದರು. ಕಾನೂನಿನ ಬಗ್ಗೆ ನನಗೆ ತಕರಾರಿದೆ, ಆದರೆ ಆ ಸಹಿಗೆ ತಲೆಬಾಗುತ್ತೇನೆ. ಇವತ್ತಿಗೂ ಇರುವುದು ಅದೇ ಸಾಲು: ಉಪಾಧ್ಯಕ್ಷ, ಸ್ಪೀಕರ್, ಸೆನೆಟ್‌ನ ಹಂಗಾಮಿ ಸಭಾಪತಿ, ಆಮೇಲೆ ವಿದೇಶಾಂಗ ಕಾರ್ಯದರ್ಶಿಯಿಂದ ಶುರುವಾಗಿ ಸಂಪುಟದ 15 ಜನ.

ಈಗ ಒಂದು ಫೋಟೋ. 1963ರ ನವೆಂಬರ್ 27. ಕೆನಡಿ ಕೊಲೆಯಾಗಿ ಐದು ದಿನ. ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಂಗ್ರೆಸ್ಸಿನ ಮುಂದೆ ಮಾತಾಡುತ್ತಿದ್ದಾರೆ. ನೀವೂ ಆ ಚಿತ್ರ ನೋಡಿರುತ್ತೀರಿ. ಮುಂದೆ ಜಾನ್ಸನ್ ನಿಂತಿದ್ದಾರೆ. ನಾನು ಹೇಳುವುದು ಅವರ ಹಿಂದೆ ನೋಡಿ ಅಂತ. ಎತ್ತರದ ಪೀಠದಲ್ಲಿ ಇಬ್ಬರು ವಯಸ್ಸಾದವರು ಕೂತಿದ್ದಾರೆ. ಒಬ್ಬರು ಸ್ಪೀಕರ್ ಜಾನ್ ಮೆಕಾರ್ಮಕ್, 71 ವರ್ಷ. ಇನ್ನೊಬ್ಬರು ಸೆನೆಟ್‌ನ ಹಂಗಾಮಿ ಸಭಾಪತಿ ಕಾರ್ಲ್ ಹೇಡನ್, 86 ವರ್ಷ. ಜಾನ್ಸನ್‌ಗೆ 1955ರಲ್ಲೇ ಹೃದಯಾಘಾತ ಆಗಿತ್ತು. ಅವತ್ತು ಟಿವಿ ನೋಡುತ್ತಿದ್ದವರ ಕಣ್ಣಿಗೆ ದೇಶದ ಮುಂದಿನ ಸಾಲು ಒಂದೇ ಚೌಕಟ್ಟಿನಲ್ಲಿ ಕಂಡಿತು. ಅದಕ್ಕಿಂತ ಮುಂಚೆ 15 ಸಲ ಖಾಲಿಯಾದ ಕುರ್ಚಿ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಬಿತ್ತು. ಅಣ್ವಸ್ತ್ರದ ಕಾಲ ಬೇರೆ. ನಿರ್ಧಾರ ಮಾಡುವುದಕ್ಕೆ ಗಂಟೆಗಳಲ್ಲ, ನಿಮಿಷಗಳು ಸಿಗುವ ಕಾಲ.

ಇಂಡಿಯಾನಾದ ಯುವ ಸೆನೆಟರ್ ಬರ್ಚ್ ಬೈ ಸಂವಿಧಾನ ತಿದ್ದುಪಡಿಗಳ ಉಪಸಮಿತಿಯ ಮುಖ್ಯಸ್ಥರಾಗಿದ್ದರು. ಅವರು ಇದನ್ನು ಹಿಡಿದು ಕೂತರು. 1965ರ ಜುಲೈನಲ್ಲಿ ಕಾಂಗ್ರೆಸ್ 25ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 1967ರ ಫೆಬ್ರವರಿ 10ರಂದು ಬೇಕಾದಷ್ಟು ರಾಜ್ಯಗಳ ಅನುಮೋದನೆ ಸಿಕ್ಕಿತು. ಮೊದಲ ಭಾಗ ಟೈಲರ್ ಪಟ್ಟು ಹಿಡಿದದ್ದನ್ನೇ ಬರೆಯಿತು: ಉಪಾಧ್ಯಕ್ಷರು ಅಧ್ಯಕ್ಷರೇ ಆಗುತ್ತಾರೆ. ಎರಡನೇ ಭಾಗ ನಮ್ಮ ಖಾಲಿ ಕುರ್ಚಿಯದು. ಉಪಾಧ್ಯಕ್ಷರ ಸ್ಥಾನ ಖಾಲಿಯಾದರೆ ಅಧ್ಯಕ್ಷರು ಒಬ್ಬರನ್ನು ಹೆಸರಿಸಬೇಕು, ಕಾಂಗ್ರೆಸ್ಸಿನ ಎರಡೂ ಸದನಗಳು ಬಹುಮತದಿಂದ ಒಪ್ಪಬೇಕು. ಮೂರು, ನಾಲ್ಕನೇ ಭಾಗಗಳು ಅಧ್ಯಕ್ಷರಿಗೆ ಕೈಲಾಗದ ಸಂದರ್ಭಕ್ಕೆ ಸೇರಿದವು. 1919ರಲ್ಲಿ ವುಡ್ರೊ ವಿಲ್ಸನ್ ಪಾರ್ಶ್ವವಾಯು ಬಡಿದು ಮಲಗಿದಾಗ ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಹೋಗಿತ್ತು. ಅದಕ್ಕೆ ಉತ್ತರ.

ತಿದ್ದುಪಡಿ ಬಂದ ಆರು ವರ್ಷಕ್ಕೇ ಅದರ ಅಗತ್ಯ ಬಿತ್ತು. 1973ರ ಅಕ್ಟೋಬರ್ 10ರಂದು ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ತೆರಿಗೆ ವಂಚನೆಯ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. ಅತ್ತ ವಾಟರ್‌ಗೇಟ್ ಹಗರಣ ಅಧ್ಯಕ್ಷ ನಿಕ್ಸನ್‌ರ ಬೆನ್ನು ಬಿದ್ದಿತ್ತು. ಇಬ್ಬರೂ ಹೋದರೆ? 1947ರ ಕಾನೂನಿನ ಪ್ರಕಾರ ಸ್ಪೀಕರ್ ಕಾರ್ಲ್ ಆಲ್ಬರ್ಟ್. ಅವರು ಡೆಮಾಕ್ರಾಟ್. ಒಂದು ವರ್ಷದ ಹಿಂದೆ 49 ರಾಜ್ಯಗಳು ಆರಿಸಿದ್ದು ರಿಪಬ್ಲಿಕನ್ ನಿಕ್ಸನ್‌ರನ್ನು. ಹೊಸ ಉಪಾಧ್ಯಕ್ಷರಾಗಿ ನಿಕ್ಸನ್ ಸೂಚಿಸುವ ಹೆಸರಿಗೆ ಒಪ್ಪಿಗೆ ಕೊಡುವುದನ್ನು ಮುಂದೂಡಿದರೆ ಶ್ವೇತಭವನ ತಾನಾಗಿ ಕೈಗೆ ಬರಬಹುದು ಅನ್ನುವ ಆಸೆ ಕೆಲವು ಡೆಮಾಕ್ರಾಟರಿಗೆ ಇತ್ತು. ಕಾಂಗ್ರೆಸ್ ಆ ಆಸೆಗೆ ಬೀಳಲಿಲ್ಲ. ನಿಕ್ಸನ್ ಹೆಸರಿಸಿದ ಜೆರಾಲ್ಡ್ ಫೋರ್ಡ್‌ಗೆ ಸೆನೆಟ್ 92-3, ಪ್ರತಿನಿಧಿ ಸಭೆ 387-35 ಮತಗಳಿಂದ ಒಪ್ಪಿಗೆ ಕೊಟ್ಟಿತು. ಡಿಸೆಂಬರ್ 6ರಂದು ಫೋರ್ಡ್ ಪ್ರಮಾಣ ಮಾಡಿದರು. 57 ದಿನ. ಎರಡೂ ಸದನಗಳಲ್ಲಿ ಬಹುಮತ ಇದ್ದ ಪಕ್ಷ ತಾನಾಗಿ ತನ್ನ ಮುಂದಿನ ಬಾಗಿಲನ್ನು ಮುಚ್ಚಿಕೊಂಡ ದಿನ ಅದು. ಅಮೆರಿಕದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ದಿನಗಳಲ್ಲಿ ಒಂದು.

1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಕೊಟ್ಟರು. ಆ ಪತ್ರದಲ್ಲಿರುವುದು ಒಂದೇ ವಾಕ್ಯ. ಕಾನೂನಿನ ಪ್ರಕಾರ ಅದನ್ನು ಕೊಡಬೇಕಾದದ್ದು ವಿದೇಶಾಂಗ ಕಾರ್ಯದರ್ಶಿಗೆ. ಪತ್ರದ ಕೆಳಗೆ 11.35 ಅಂತ ಸಮಯ, ಪಕ್ಕದಲ್ಲಿ ಹೆನ್ರಿ ಕಿಸಿಂಜರ್‌ರ ಎರಡಕ್ಷರದ ಸಹಿ. ಕಿಸಿಂಜರ್ ಜರ್ಮನಿಯಲ್ಲಿ ಹುಟ್ಟಿದವರು, ಹಾಗಾಗಿ ಸಾಲಿನಲ್ಲಿ ಅವರ ಹುದ್ದೆ ಇದ್ದರೂ ಅವರು ಅಧ್ಯಕ್ಷರಾಗುವಂತಿರಲಿಲ್ಲ.

ಫೋರ್ಡ್ ಅಧ್ಯಕ್ಷರಾದರು. ಉಪಾಧ್ಯಕ್ಷರ ಕುರ್ಚಿ 18ನೇ ಸಲ ಖಾಲಿ. ಅವರು ನೆಲ್ಸನ್ ರಾಕ್‌ಫೆಲ್ಲರ್ ಹೆಸರು ಕಳಿಸಿದರು. ಭಾರಿ ಆಸ್ತಿವಂತರು, ಅವರ ಹಣದ ವ್ಯವಹಾರವನ್ನೆಲ್ಲ ಸದಸ್ಯರು ಕೆದಕಿ ನೋಡಿದರು. ಒಪ್ಪಿಗೆ ಸಿಕ್ಕಿದ್ದು ಡಿಸೆಂಬರ್ 19ಕ್ಕೆ. 132 ದಿನ. ಆಮೇಲೆ ಎರಡು ವರ್ಷ ಅಮೆರಿಕದ ಅಧ್ಯಕ್ಷರೂ ಉಪಾಧ್ಯಕ್ಷರೂ ಇಬ್ಬರೂ ಆ ಹುದ್ದೆಗಳಿಗೆ ಜನರ ಮತ ಪಡೆಯದವರು. ಇದು ಸರಿಯಲ್ಲ ಅಂದವರು ಅವತ್ತು ಬಹಳ ಜನ ಇದ್ದರು, ಅವರ ಮಾತಿನಲ್ಲಿ ಹುರುಳಿದೆ. ಆದರೆ 1975ರ ಸೆಪ್ಟೆಂಬರ್‌ನಲ್ಲಿ, 17 ದಿನಗಳ ಅಂತರದಲ್ಲಿ, ಎರಡು ಸಲ ಫೋರ್ಡ್‌ರನ್ನು ಕೊಲ್ಲಲು ಪ್ರಯತ್ನ ನಡೆಯಿತು. ಆ ಎರಡೂ ದಿನ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು.

ಮಾತು ಇಲ್ಲಿಗೆ ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹಿರಿಯರು ಕೇಳಿದರು: “ಇಷ್ಟು ಸಲ ನಿಯಮ ಬದಲಾದರೆ ಅಲ್ಲಿಯವರಿಗಾದರೂ ನೆನಪಿರುತ್ತದಾ?”

ಯಾವಾಗಲೂ ಇರುವುದಿಲ್ಲ ಸಾರ್. 1981ರ ಮಾರ್ಚ್ 30ರಂದು ರೇಗನ್‌ಗೆ ಗುಂಡು ಬಿತ್ತು. ಉಪಾಧ್ಯಕ್ಷ ಬುಷ್ ಟೆಕ್ಸಾಸ್‌ನಿಂದ ವಿಮಾನದಲ್ಲಿ ಬರುತ್ತಿದ್ದರು. ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಪತ್ರಕರ್ತರ ಮುಂದೆ ಬಂದು, ಸಂವಿಧಾನದ ಪ್ರಕಾರ ಅಧ್ಯಕ್ಷ, ಉಪಾಧ್ಯಕ್ಷ, ವಿದೇಶಾಂಗ ಕಾರ್ಯದರ್ಶಿ, ಈ ಕ್ರಮದಲ್ಲಿ ಬರುತ್ತೇವೆ ಅನ್ನುವ ಅರ್ಥದ ಮಾತಾಡಿದರು. ಅವರು ಹೇಳಿದ್ದು 1886ರ ಸಾಲು. ಅದು ಬದಲಾಗಿ ಆಗಲೇ 34 ವರ್ಷವಾಗಿತ್ತು. ಉಪಾಧ್ಯಕ್ಷರು ಬರುವ ತನಕ ಮನೆ ನೋಡಿಕೊಳ್ಳುತ್ತಿದ್ದೇನೆ ಅನ್ನುವುದು ಅವರ ಉದ್ದೇಶ. ಆದರೆ ಅಂಥ ಹೊತ್ತಿನಲ್ಲಿ ಒಂದು ತಪ್ಪು ಮಾತು ಜನರ ಎದೆಯಲ್ಲಿ ಎಷ್ಟು ಭಯ ಹುಟ್ಟಿಸುತ್ತದೆ ನೋಡಿ.

ಇನ್ನೊಬ್ಬರು, ಕಾನೂನು ಓದುತ್ತಿರುವ ಹುಡುಗಿ, ಕೇಳಿದಳು: “25ನೇ ತಿದ್ದುಪಡಿ ಬಂದ ಮೇಲೆ ಖಾಲಿ ಕುರ್ಚಿಯ ಸಮಸ್ಯೆ ಪೂರ್ತಿ ಮುಗಿದ ಹಾಗೆ ಅಲ್ವಾ ಸಾರ್?”

ಮುಗಿದಿಲ್ಲ ಅಮ್ಮಾ. ಎರಡನೇ ಭಾಗವನ್ನು ಇನ್ನೊಮ್ಮೆ ಓದು. ಎರಡೂ ಸದನ ಒಪ್ಪಬೇಕು ಅಂತಿದೆ. ಎಷ್ಟು ದಿನದೊಳಗೆ ಅಂತ ಇಲ್ಲ. 1973ರಲ್ಲಿ 57 ದಿನ, 1974ರಲ್ಲಿ 132 ದಿನ. ಮುಂದಿನ ಸಲ ಎದುರು ಪಕ್ಷದ ಕಾಂಗ್ರೆಸ್ ಆ ಹೆಸರನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕೂತರೆ ಕೇಳುವವರಿಲ್ಲ. ಆ ಹೊತ್ತಿನಲ್ಲಿ ಅಧ್ಯಕ್ಷರಿಗೆ ಪ್ರಜ್ಞೆ ತಪ್ಪಿತು ಅಂತಿಟ್ಟುಕೋ. ನಾಲ್ಕನೇ ಭಾಗದ ಪ್ರಕಾರ ಅಧ್ಯಕ್ಷರಿಗೆ ಕೈಲಾಗುತ್ತಿಲ್ಲ ಅಂತ ಬರೆದು ಕೊಡಬೇಕಾದವರು ಉಪಾಧ್ಯಕ್ಷರು, ಜೊತೆಗೆ ಸಂಪುಟದ ಬಹುಮತ. ಉಪಾಧ್ಯಕ್ಷರ ಸಹಿ ಇಲ್ಲದೆ ಆ ಪತ್ರವೇ ಹುಟ್ಟುವುದಿಲ್ಲ. ಮೂರನೇ ಭಾಗ, ಅಂದರೆ ಅಧ್ಯಕ್ಷರು ತಾವಾಗಿ ಕೆಲವು ಗಂಟೆಗಳಿಗೆ ಅಧಿಕಾರ ಬಿಟ್ಟುಕೊಡುವುದು, ಅದಕ್ಕೂ ಉಪಾಧ್ಯಕ್ಷರೇ ಬೇಕು. 2021ರ ನವೆಂಬರ್ 19ರಂದು ಬೈಡನ್‌ಗೆ ಅರಿವಳಿಕೆ ಕೊಟ್ಟಿದ್ದಾಗ ಕಮಲಾ ಹ್ಯಾರಿಸ್ 85 ನಿಮಿಷ ಹಂಗಾಮಿ ಅಧ್ಯಕ್ಷರಾಗಿದ್ದರಲ್ಲ, ಅದು ಇದೇ ಭಾಗ. ಆ ಕುರ್ಚಿ ಖಾಲಿ ಇದ್ದರೆ ಎರಡೂ ಭಾಗಗಳು ಕೆಲಸ ಮಾಡುವುದಿಲ್ಲ. ಆಗ ನಾವು ಮತ್ತೆ 1947ರ ಕಾನೂನಿಗೆ, ಸ್ಪೀಕರ್ ‘ಅಧಿಕಾರಿ’ ಹೌದೋ ಅಲ್ಲವೋ ಅನ್ನುವ ಮ್ಯಾಡಿಸನ್‌ರ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಆ ಹುಡುಗಿ ಬರೆದುಕೊಳ್ಳುತ್ತಿದ್ದವಳು ತಲೆ ಎತ್ತಿ, “ಹಾಗಾದರೆ ಆ ದಿನಗಳ ಮಿತಿಯನ್ನು ಈಗಲೇ ಸೇರಿಸಬಹುದಲ್ವಾ?” ಅಂದಳು.

ಸೇರಿಸಬಹುದು. ರಾಕ್‌ಫೆಲ್ಲರ್ ಕೂತ ದಿನದಿಂದ ಆ ಕುರ್ಚಿ ಒಮ್ಮೆಯೂ ಖಾಲಿಯಾಗಿಲ್ಲ. ಯಾವ ಹೆಸರೂ ಮೇಜಿನ ಮೇಲೆ ಇಲ್ಲದ ಕಾಲ ಇದು. ಸೇರಿಸುವುದಾದರೆ ಈಗಲೇ ಸೇರಿಸಬೇಕು ಅಂತ ಅವಳಿಗೆ ಹೇಳಿದೆ.